ಇರುತ್ತಮ್ಮನ ಪಾಸ್‌ಪೋರ್ಟು

"ಬ್ಯಾಡಾ ಅಂದ್ರೆ ಬ್ಯಾಡ. ಇದು ಇಲ್ಲೇ ಇರ್ಲಿ," ಎಂದ ಅಶ್ವತ್ಥಮ್ಮ ಹುಡುಗಿಯ ಕೈಯಲ್ಲಿದ್ದ ಪಾಸ್‌ಪೋರ್ಟನ್ನು ಕಿತ್ತುಕೊಂಡು ಸೆರಗಿನ ಮರೆಗೆ ಸೇರಿಸಿಬಿಟ್ಟಳು.

ಗೇಟಿನ ಹತ್ತಿರ ಮಗ ನಂದೀಶ ಕಾರು ಸ್ಟಾರ್ಟ್ ಮಾಡಿಕೊಂಡೇ ಕೂತಿದ್ದ. ಹೊಸಕೋಟೆಯಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶ. ಕಿಟಕಿಯಿಂದ ತಲೆ ಹೊರಹಾಕಿ ಗದರಿದ. "ಅಮ್ಮಾ, ಅದು ಅವರ ಜೊತೇಲೇ ಇರ್ಬೇಕು ಕಣಮ್ಮ. ಹೊರಗಡೆ ಯಾರಾದ್ರೂ ಕೇಳಿದ್ರೆ ಏನು ತೋರಿಸ್ತಾರೆ? ನಿನ್ನ ಆಧಾರ್ ಕಾರ್ಡಾ?"

"ನಾನು ಕಾಸಿನ ಸರ ಆಕ್ಕೊಂಡು ಮಾರ್ಕೆಟ್ಟಿಗೆ ಓಗ್ತೀನೇನೋ? ಬೆಲೆಬಾಳೋ ಪದಾರ್ಥ ಮನೇಲಿರ್ಬೇಕು. ಕುಣಿಯೋ ಜಾಗದಾಗೆ ಬಿದ್ದೋದ್ರೆ, ಈ ಮಗೀನ ಅವರವ್ವನ ತಾವಕ್ಕೆ ಯಾರು ಕಳಿಸ್ತಾರೆ? ನೀನು ಕಳಿಸ್ತೀಯಾ?"

ಇಬ್ಬರ ನಡುವೆ ನಿಂತಿದ್ದ ಹುಡುಗಿ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ ನಕ್ಕಳು. ಬಣ್ಣದ ಅಂಚಿನ ಬಿಳಿ ಹತ್ತಿ ಉಡುಪು ತೊಟ್ಟಿದ್ದಳು. ಇಥಿಯೋಪಿಯಾದವಳು, ಎಂಜಿನಿಯರು. ಒಂದು ವರ್ಷದ ತರಬೇತಿಗೆಂದು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದಕ್ಕೆ ಬಂದು ಅಶ್ವತ್ಥಮ್ಮನ ಮನೆಯ ಎರಡನೇ ಮಹಡಿಯಲ್ಲಿ ಎಂಟು ತಿಂಗಳಿನಿಂದ ಬಾಡಿಗೆಗಿದ್ದಳು. ಹೆಸರು ಹಿರುತ್. ಅಶ್ವತ್ಥಮ್ಮನ ನಾಲಿಗೆಗೂ ಹಕಾರಕ್ಕೂ ಹುಟ್ಟಿದಾಗಿನಿಂದಲೇ ಆಗಿಬರುತ್ತಿರಲಿಲ್ಲ. ಹಾಗಾಗಿ ಮೊದಲ ದಿನವೇ ಅವಳು ಇರುತ್ತಮ್ಮನಾದಳು. ಮಹಡಿಯತ್ತ ಮುಖ ಮಾಡಿ "ಇರುತ್ತಮ್ಮಾ!" ಎಂದು ಕೂಗಿದರೆ, ತಳ್ಳುಗಾಡಿಯ ತರಕಾರಿಯವನು "ಏನಿರುತ್ತಮ್ಮ?" ಎಂದು ಕೇಳಿ ಬೀದಿಯವರನ್ನೆಲ್ಲ ನಗಿಸುತ್ತಿದ್ದ.

"ಪರವಾಗಿಲ್ಲ ನಂದೀಶಣ್ಣ," ಎಂದಳು ಹಿರುತ್, ಅಶ್ವತ್ಥಮ್ಮನ ಅಡುಗೆಮನೆಯಲ್ಲೇ ಕಲಿತ ಕನ್ನಡದಲ್ಲಿ. "ಫೋನಲ್ಲಿ ಫೋಟೋ ಇದೆ." ಹೋದ ವರ್ಷ ಅವಳ ಗೆಳತಿಯೊಬ್ಬಳು ಬೇರೆ ಊರಿನಲ್ಲಿ ರಾತ್ರಿ ಊಟಕ್ಕೆ ಹೋದವಳು ಆಟೋದಲ್ಲಿ ಪಾಸ್‌ಪೋರ್ಟ್ ಬಿಟ್ಟು ಇಳಿದು, ಎರಡು ತಿಂಗಳು ಆಫೀಸಿಂದ ಆಫೀಸಿಗೆ ಅಲೆದಿದ್ದಳು. ಅಂದಿನಿಂದ ಹಿರುತ್‌ಗೂ ಅದೇ ಭಯ; ಪ್ರತಿ ಶನಿವಾರ ಹೊರಗೆ ಹೋಗುವಾಗ ಅದನ್ನು ಅಶ್ವತ್ಥಮ್ಮನ ಬೀರುವಿಗೆ ಕೊಟ್ಟು ಹೋಗುತ್ತಿದ್ದಳು. ಆದರೂ ಇವತ್ತು ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದಿದ್ದಳು, ಕೊಡಲೋ ಬೇಡವೋ ಎನ್ನುವವಳ ಹಾಗೆ. ಕೊಡುವ ತನಕ ಅಶ್ವತ್ಥಮ್ಮನೇ ಕಾಯಲಿಲ್ಲ.

"ನಿಮ್ಮಿಷ್ಟ," ಎಂದು ನಂದೀಶ ಕಾರು ಬಿಟ್ಟ. ಹಿರುತ್ ಅಶ್ವತ್ಥಮ್ಮನ ಕೆನ್ನೆಗೆ ಕೆನ್ನೆ ಸೋಕಿಸಿ ಗೇಟು ದಾಟಿದಳು. ಆ ಶನಿವಾರ ಅವರ ಹೊಸ ವರ್ಷದ ಹಬ್ಬ. ಊರಿನ ನಾಲ್ಕು ದಿಕ್ಕಿನಲ್ಲಿದ್ದ ಇಥಿಯೋಪಿಯಾದವರೆಲ್ಲ ವೈಟ್‌ಫೀಲ್ಡ್‌ನ ಹೋಟೆಲೊಂದರ ಹಾಲ್‌ನಲ್ಲಿ ಸೇರುವವರಿದ್ದರು. ಹಬ್ಬದ ಹಾಡು ಎತ್ತಿಕೊಡಬೇಕಾದವಳು ಹಿರುತ್. ಎಂಟು ಗಂಟೆಗೆ ಸರಿಯಾಗಿ ಅವಳ ತಾಯಿ ವಿಡಿಯೋ ಕಾಲ್‌ನಲ್ಲಿ ಅಲ್ಲಿಂದ ನೋಡುತ್ತಾಳೆ. ಒಂದು ವಾರದಿಂದ ಮಹಡಿಯ ಮೇಲೆ ಅದೇ ಹಾಡು. ಅಶ್ವತ್ಥಮ್ಮನಿಗೂ ಅರ್ಧ ಬಾಯಿಗೆ ಬಂದಿತ್ತು.

ದೀಪ ಹಚ್ಚಿ, ಧಾರಾವಾಹಿಗೆಂದು ಟಿವಿ ಮುಂದೆ ಕೂತಿದ್ದಳಷ್ಟೆ, ಫೋನು ಬಡಿದುಕೊಂಡಿತು.

"ಅಮ್ಮಾ, ಒಳಗೆ ಬಿಡಲ್ಲ. ಫೋಟೋ ಆಗಲ್ಲ ಅಂತಾರೆ. ಒರಿಜಿನಲ್ ಬೇಕಂತೆ," ಹಿರುತ್‌ಳ ದನಿ ಅಳುವಿನ ಅಂಚಿನಲ್ಲಿತ್ತು. "ಎಲ್ಲರೂ ಒಳಗೆ ಹೋದರು. ನಾನು ಮನೆಗೆ ಬಂದು ಮತ್ತೆ ಹೋದರೆ ಒಂಬತ್ತೂವರೆ. ಬಿಡಿ ಅಮ್ಮಾ, ನಾನು ವಾಪಸ್ ಬರ್ತೀನಿ."

ಅಶ್ವತ್ಥಮ್ಮ ತಲೆ ಎತ್ತಿ ನೋಡಿದಳು. ಗೋಡೆ ಗಡಿಯಾರದಲ್ಲಿ ಆರೂ ಮುಕ್ಕಾಲು.

"ಬರ್ಬ್ಯಾಡ! ಅಲ್ಲೇ ನಿಂತಿರು!" ಎಂದು ಫೋನಿಟ್ಟವಳೇ ಮಗನಿಗೆ ಹಚ್ಚಿದಳು. ಅವನು ಹೊಸಕೋಟೆಯ ಪೆಂಡಾಲಿನ ಗಲಾಟೆಯ ನಡುವಿನಿಂದಲೇ "ನಾನು ಹೇಳ್ಲಿಲ್ವಾ!" ಎಂದ. ಆಮೇಲೆ, "ಸಾಮಾನು ತಲುಪಿಸೋ ಹುಡುಗರಿರ್ತಾರೆ, ಬುಕ್ ಮಾಡ್ತೀನಿ, ಅವನ ಕೈಲಿ ಕೊಟ್ಬಿಡು," ಎಂದ.

"ಮಗೀನ ಜೀವ ಇರೋದೇ ಇದ್ರಾಗೆ ಅಂತೀಯ, ಗುರುತಿಲ್ಲದೋರ ಕೈಗೆ ಕೊಡು ಅಂತೀಯ. ಇಡು ಫೋನು."

ಆರು ವರ್ಷದ ಹಿಂದೆ ಗಂಡ ಹನುಮಂತರಾಯಪ್ಪ ತೀರಿಕೊಂಡ ಮೇಲೆ ಅವಳು ಹೊತ್ತು ಮುಳುಗಿದ ಮೇಲೆ ಒಬ್ಬಳೇ ಬೀದಿಯ ತುದಿ ದಾಟಿದವಳಲ್ಲ. ಹೋಗಬೇಕಾದಲ್ಲಿಗೆಲ್ಲ ನಂದೀಶನ ಕಾರು. ಆದರೆ ಈಗ ಯೋಚಿಸಲು ಪುರುಸೊತ್ತಿರಲಿಲ್ಲ. ಪಾಸ್‌ಪೋರ್ಟನ್ನು ಎಲೆಯಡಿಕೆಯ ಸಂಚಿಗೆ ತುರುಕಿ, ದಾರ ಬಿಗಿದು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಗ ಹಾಕಿದಳು.

ಮೂಲೆಯಲ್ಲಿ ಸಿಕ್ಕ ಆಟೋದವನು ಸಿಂದಗಿ ಕಡೆಯ ಮಡಿವಾಳಪ್ಪ. ದಾರಿಯಲ್ಲೇ ಕಥೆಯನ್ನೆಲ್ಲ ಕೇಳಿಸಿಕೊಂಡ. ಹೂಡಿ ದಾಟುವಷ್ಟರಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತವು. ಮುಂದೆಲ್ಲೋ ಗಣಪತಿ ಬಿಡುವ ಮೆರವಣಿಗೆ. ತಮಟೆ, ಪಟಾಕಿ, ಟ್ರ್ಯಾಕ್ಟರ್ ಮೇಲೆ ಹಳದಿ ನೀಲಿ ದೀಪ. ಬೇರೆ ದಿನವಾಗಿದ್ದರೆ ಅಶ್ವತ್ಥಮ್ಮ ಕೈಮುಗಿದು ನೋಡುತ್ತ ಕೂರುತ್ತಿದ್ದಳು.

"ಯವ್ವಾ, ಹಿಂಗ ಕುಂತ್ರ ಬೆಳಕ ಹರಿತೈತಿ," ಎಂದ ಮಡಿವಾಳಪ್ಪ ಹಿಂದೆ ತಿರುಗಿ. "ಗಲ್ಲಿ ಹೊಕ್ಕು ಬಿಡ್ಲೇನು? ಗಟ್ಟಿಯಾಗಿ ಹಿಡಕೋರಿ."

"ಬಿಡಪ್ಪ. ಗಣಪ್ಪನೇ ನೋಡ್ಕೋತಾನೆ."

ಆಟೋ ಎರಡು ಕಾಂಪೌಂಡುಗಳ ಸಂದಿಯಲ್ಲಿ ನುಗ್ಗಿ, ಒಂದು ಹಸುವಿನ ಬಾಲ ಸವರಿ, ಎಳನೀರಿನ ಬುರುಡೆಗಳ ಗುಡ್ಡೆ ಸುತ್ತಿ ದೊಡ್ಡ ರಸ್ತೆಗೆ ಹಾರಿತು. ಅಶ್ವತ್ಥಮ್ಮನಿಗೆ ಭಯವಾಗಬೇಕಿತ್ತು. ಅದರ ಬದಲು ನಗು ಬಂತು. ಹದಿನಾರರ ವಯಸ್ಸಿನಲ್ಲಿ ಎತ್ತಿನಗಾಡಿಯ ಮೂಕಿಯ ಮೇಲೆ ಕೂತು ಇದೇ ಕಡೆಗೆ ಹುಲ್ಲು ಹೇರಿಕೊಂಡು ಬರುತ್ತಿದ್ದಾಗ ಕೂದಲಿಗೆ ಹೀಗೇ ಗಾಳಿ ಹೊಡೆಯುತ್ತಿತ್ತು.

ನಗು ಮುಗಿಯುವ ಮೊದಲೇ ಸೀಟಿ ಕೇಳಿಸಿತು. ಅವರು ನುಗ್ಗಿದ್ದು ಒನ್‌ವೇಗೆ ಎದುರಾಗಿ. ಬ್ಯಾರಿಕೇಡಿನ ಪಕ್ಕ ನಿಂತಿದ್ದ ಮಹಿಳಾ ಪೇದೆ ಕೈ ಅಡ್ಡ ಹಿಡಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಸವಿತಾ ಎಂದಿತ್ತು.

"ಬೋರ್ಡ್ ಕಾಣ್ಸಲ್ವಾ? ತೆಗಿ ಲೈಸೆನ್ಸು."

ಮಡಿವಾಳಪ್ಪ ಜೇಬು ತಡಕಾಡುತ್ತಿದ್ದಂತೆ ಅಶ್ವತ್ಥಮ್ಮನಿಗೆ ತಡೆಯಲಾಗಲಿಲ್ಲ. ಸಂಚಿಯಿಂದ ಪಾಸ್‌ಪೋರ್ಟ್ ತೆಗೆದು ಸವಿತಾಳ ಮುಖದ ಮುಂದೆ ಆಡಿಸಿದಳು. "ಬೇಗ್ನೆ ಬಿಡವ್ವಾ, ನಿನ್ನ ದಮ್ಮಯ್ಯ. ಎಂಟು ಗಂಟೆಯೊಳಗೆ ಇದನ್ನ ಕೊಡ್ಬೇಕು."

ಸವಿತಾ ಅದನ್ನು ತೆಗೆದುಕೊಂಡಳು. ಅಂಟಿದ್ದ ಅಡಿಕೆ ಚೂರು ಕೊಡವಿ, ಟಾರ್ಚ್ ಬೆಳಕಿನಲ್ಲಿ ಫೋಟೋ ನೋಡಿ, ಅಶ್ವತ್ಥಮ್ಮನ ಮುಖ ನೋಡಿದಳು. ದನಿ ಬದಲಾಯಿತು.

"ಇದು ಯಾರ್ದು?"

"ಇರುತ್ತಮ್ಮಂದು."

"ಏನಿರುತ್ತೆ?"

"ಇರುತ್ತಮ್ಮ ಕಣವ್ವ! ನಮ್ಮನೇಲಿರ್ತಾಳೆ."

"ಅವರ ಪಾಸ್‌ಪೋರ್ಟ್ ನಿಮ್ಮತ್ರ ಯಾಕಿದೆ?"

"ನಾನೇ ಇಟ್ಕೊಂಡಿದ್ದೆ. ಪ್ರತಿ ಶನಿವಾರ ಬೀರೂನಾಗೆ ಇಡ್ತೀನಿ."

ಸವಿತಾ ಬ್ಯಾರಿಕೇಡಿನ ಆಚೆಗಿದ್ದ ಸಾಹೇಬರಿಗೆ ಏನೋ ಹೇಳಿ ಬಂದು ಆಟೋ ಹತ್ತಿ ಕೂತಳು. "ನಡಿಯಪ್ಪ. ಆ ಹುಡುಗಿ ಇರೋ ಕಡೆಗೇ ನಡಿ. ನೋಡೇಬಿಡೋಣ."

ಆಟೋ ಹೊರಟಿತು. ಸವಿತಾ ಪಾಸ್‌ಪೋರ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದಳು. "ನಿಮ್ಮನ್ನ ನೋಡಿದ್ರೆ ಅಂಥೋರು ಅನ್ಸಲ್ಲಮ್ಮ. ಆದ್ರೆ ಇನ್ನೊಬ್ಬರ ಪಾಸ್‌ಪೋರ್ಟ್ ಇಟ್ಕೊಳ್ಳೋದು ಹುಡುಗಾಟ ಅಲ್ಲ. ಹೊರಗಿಂದ ಬಂದ ಹೆಣ್ಮಕ್ಕಳದ್ದು ಕಿತ್ತಿಟ್ಕೊಂಡು, ಮನೆಬಿಟ್ಟು ಕದಲದ ಹಾಗೆ ಮಾಡೋರೂ ಇದ್ದಾರೆ. ಮನೇಲಿ ಫಾರಿನ್ನೋರಿದ್ದಾರೆ ಅಂತ ತಿಳಿಸೋ ಸಿ ಫಾರಂ ಆದ್ರೂ ಹಾಕಿದ್ದೀರಾ?"

"ನನ್ನ ಮಗ ಎಲ್ಲಾ ಫಾರಮ್ಮೂ ಆಕವ್ನೆ," ಎಂದಳು ಅಶ್ವತ್ಥಮ್ಮ. "ನಾನು ಅಂಥೋಳಲ್ಲ" ಎಂದು ಜೋರಾಗಿ ಹೇಳಬೇಕೆಂದುಕೊಂಡಳು. ಆದರೆ ಮೆಟ್ಟಿಲ ಮೇಲೆ ಪಾಸ್‌ಪೋರ್ಟ್ ಹಿಡಿದು ನಿಂತ ಹುಡುಗಿಯ ಕೈ ಕಣ್ಣ ಮುಂದೆ ಬಂತು. ಕಳೆದುಹೋದೀತೆಂಬ ಭಯ ನಿಜ. ಅದರ ಅಡಿಯಲ್ಲಿ ಇನ್ನೊಂದಿತ್ತು. ಆ ಪುಟ್ಟ ಪುಸ್ತಕ ಬೀರುವಿನಲ್ಲಿರುವ ತನಕ, ಎಷ್ಟೇ ಹೊತ್ತಾದರೂ ಮೇಲಿನ ಮನೆಯ ದೀಪ ಹತ್ತಿಯೇ ಹತ್ತುತ್ತದೆ ಎಂಬ ನೆಮ್ಮದಿ. ಜನವರಿಗೆ ತರಬೇತಿ ಮುಗಿಯುತ್ತದೆ. ಈ ಎರಡನೆಯದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಹೋಟೆಲಿನ ಗಾಜಿನ ಬಾಗಿಲ ಎದುರು ಹಿರುತ್ ಒಬ್ಬಳೇ ನಿಂತಿದ್ದಳು. ಆಟೋ ಕಂಡು ಓಡಿ ಬಂದವಳು ಮೊದಲು ಇಳಿದ ಖಾಕಿ ಕಂಡು ಅಲ್ಲೇ ಕಲ್ಲಾದಳು.

ಸವಿತಾ ಫೋಟೋಗೂ ಮುಖಕ್ಕೂ ತಾಳೆ ನೋಡಿ, ತನಗೆ ಬಂದ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು: ಇದನ್ನು ಈಯಮ್ಮನಿಗೆ ನೀವೇ ಕೊಟ್ಟಿರಾ, ಅವರೇ ಕಿತ್ತುಕೊಂಡರಾ? ಹೆದರದೆ ಹೇಳಿ.

ಹಿರುತ್ ಕನ್ನಡದಲ್ಲೇ ಉತ್ತರಿಸಿದಳು. "ಕಿತ್ಕೊಂಡ್ರು ಮೇಡಂ."

ಅಶ್ವತ್ಥಮ್ಮ ಆಟೋದ ಕಂಬಿ ಹಿಡಿದುಕೊಂಡಳು.

"ನನ್ನ ಛತ್ರಿ ಕೂಡ ಕಿತ್ಕೋತಾರೆ, ಮುರಿದೋಗುತ್ತೆ ಅಂತ. ಊಟ ಬೇಡ ಅಂದ್ರೆ ತಟ್ಟೆ ಕಿತ್ಕೊಂಡು ಇನ್ನೂ ಹಾಕ್ತಾರೆ. ನಮ್ಮೂರಲ್ಲಿ ನನ್ನ ಅಮ್ಮನೂ ಹೀಗೇ. ಕೇಳಿದ ತಕ್ಷಣ ಕೊಡ್ತಾರೆ ಮೇಡಂ, ಯಾವಾಗ್ಲೂ."

ಸವಿತಾ ತುಟಿ ಕಚ್ಚಿ ಹಿಡಿದಿದ್ದ ನಗು ಕೊನೆಗೂ ಮೀರಿತು. ಮಡಿವಾಳಪ್ಪ ಹ್ಯಾಂಡಲ್ ಮೇಲೆ ತಲೆಯಿಟ್ಟು ನಕ್ಕ. ಪಾಸ್‌ಪೋರ್ಟ್ ಅಶ್ವತ್ಥಮ್ಮನ ಕೈಗೆ ಬಂತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿರುತ್‌ಗೆ ಕೊಟ್ಟಳು.

"ತಕೋವ್ವ. ಇನ್ಮ್ಯಾಕೆ ನಾನು ಇಟ್ಕೊಳ್ಳಲ್ಲ. ನಿಂದು ನಿನ್ನತ್ರಾನೇ ಇರ್ಲಿ."

"ಬಿದ್ದೋದ್ರೆ?"

ಅಶ್ವತ್ಥಮ್ಮ ಸೊಂಟದಿಂದ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿಗಳನ್ನೆಲ್ಲ ಮಡಿವಾಳಪ್ಪನ ಬೊಗಸೆಗೆ ಸುರಿದಳು. ಸಂಚಿಗೆ ಪಾಸ್‌ಪೋರ್ಟ್ ಹಾಕಿ, ಬಿಳಿ ಉಡುಪಿನ ನಡುಪಟ್ಟಿಯ ಒಳಗೆ ಸೇರಿಸಿ, ದಾರವನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದಳು. "ನಮ್ಮತ್ತೆ ಇದ್ರಾಗೆ ಒಲದ ಪತ್ರಾನೇ ಇಟ್ಕೊಂಡು ನಾಟಿ ಮಾಡವ್ಳೆ. ಕುಣಿ ಓಗು. ಬೀಳಾಕಿಲ್ಲ."

ಎಂಟಕ್ಕೆ ಹತ್ತು ನಿಮಿಷವಿತ್ತು. ಹಿರುತ್ ಓಡಲಿಲ್ಲ. ಅಶ್ವತ್ಥಮ್ಮನ ಮುಂಗೈ ಹಿಡಿದು ಬಾಗಿಲಿಗೆ ಎಳೆದಳು. ಕಾವಲಿನವನು ಹಿರುತ್ ಸಂಚಿಯಿಂದ ಮತ್ತೆ ತೆಗೆದು ತೋರಿಸಿದ ಪಾಸ್‌ಪೋರ್ಟ್ ನೋಡಿ ತಲೆಯಾಡಿಸಿ, ಅಶ್ವತ್ಥಮ್ಮನತ್ತ ತಿರುಗಿದ. "ಅಮ್ಮಾ, ನಿಮ್ಮ ಐಡಿ?"

ಅಶ್ವತ್ಥಮ್ಮ ತಬ್ಬಿಬ್ಬಾದಳು. ಬೇರೆಯವರ ಗುರುತು ಹೊತ್ತು ತರುವ ಭರದಲ್ಲಿ ತನ್ನದೇ ಮರೆತು ಬಂದಿದ್ದಳು.

"ಅವರಿಗೆ ನಾನೇ ಐಡಿ, ಬಿಡಪ್ಪ," ಎಂದಳು ಸವಿತಾ ಹಿಂದಿನಿಂದ. "ಈ ಆಟೋದವರಿಗೂ. ಅವರ ಒನ್‌ವೇ ಕೇಸು ಆಮೇಲೆ ನೋಡ್ಕೋತೀನಿ."

ಹಾಲ್ ತುಂಬ ಬಿಳಿ ಬಟ್ಟೆ. ಹುರಿದ ಕಾಫಿಯ ಘಮ. ಹಿರುತ್ ಒಳಗೆ ಕಾಲಿಟ್ಟದ್ದೇ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಲುಲುಲು ಎಂದು ಕೇಕೆ ಹಾಕಿದರು. ಗೋಡೆಯ ಪರದೆಯ ಮೇಲೆ ಹಿರುತ್‌ಳ ತಾಯಿ; ಕ್ಯಾಮೆರಾಗೆ ತೀರಾ ಹತ್ತಿರ ಬಂದಿದ್ದರಿಂದ ಬಿಳಿ ಸೆರಗಿನ ಅಂಚು, ಮೂಗು ಮಾತ್ರ ಕಾಣಿಸುತ್ತಿದ್ದವು. ಹಿರುತ್ ಹಾಡೆತ್ತಿದಳು. ಹುಡುಗಿಯರು ಹಳದಿ ಹೂವಿನ ಗೊಂಚಲು ಹಿಡಿದು ಸುತ್ತುಗಟ್ಟಿದರು. ಅದರಲ್ಲೊಂದು ಗೊಂಚಲು ಕುರ್ಚಿಯಲ್ಲಿ ಮುದುಡಿ ಕೂತಿದ್ದ ಅಶ್ವತ್ಥಮ್ಮನ ಮಡಿಲಿಗೂ ಬಂತು.

ಅವಳು ಹೂ ಹಿಡಿದು ನೋಡಿದಳು, ಮೂಸಿದಳು, ಒಂದು ಎಸಳು ಉಜ್ಜಿದಳು.

"ಅಯ್ಯೋ, ಇದು ಉಚ್ಚೆಳ್ಳು ಕಣವ್ವ! ನಮ್ಮ ಉಚ್ಚೆಳ್ಳು!" ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವಳೇ ಬಿತ್ತುತ್ತಿದ್ದ ಹುಚ್ಚೆಳ್ಳಿನ ಹೂವು. ಹೊಲ ಹೋಗಿ ಕಾರ್ಖಾನೆ ಬಂದ ಮೇಲೆ ಕಣ್ಣಿಗೆ ಬಿದ್ದಿರಲಿಲ್ಲ.

ಪಕ್ಕದ ಹುಡುಗಿ ಸವಿತಾಳಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ಹಬ್ಬದ ಹೂ ಇಲ್ಲಿ ಸಿಗಲ್ಲ, ಮಾಲೂರು ಕಡೆ ಹೊಲದ ಬದಿಯಲ್ಲಿ ಇದನ್ನು ಕಂಡು ಕೇಳಿ ತಂದೆವು. ನಮ್ಮಲ್ಲೂ ಇದನ್ನು ಬೆಳೆಯುತ್ತಾರೆ, ಎಣ್ಣೆ ತೆಗೆಯುತ್ತಾರೆ. ನಾವು ನೂಗ್ ಅನ್ನುತ್ತೇವೆ.

"ನೂಗ್," ಎಂದಳು ಅಶ್ವತ್ಥಮ್ಮ. ಹಕಾರವಿಲ್ಲದ ಹೆಸರು, ಸಲೀಸಾಗಿ ಬಂತು. "ನೂಗು," ಎಂದು ಮತ್ತೊಮ್ಮೆ ಹೇಳಿ ನಕ್ಕಳು.

ಡೋಲು ಜೋರಾಯಿತು. ಹಿರುತ್ ಭುಜಗಳನ್ನಷ್ಟೇ ಕುಣಿಸುತ್ತ, ಸುತ್ತು ಬಿಟ್ಟು ಕುರ್ಚಿಗಳತ್ತ ಬಂದು ಎರಡೂ ಕೈ ಚಾಚಿದಳು. ಅಶ್ವತ್ಥಮ್ಮ ಬೇಡವೆಂದು ತಲೆಯಾಡಿಸಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಮಡಿವಾಳಪ್ಪನ ಕಡೆ ನೋಡಿದಳು. ಅವನು ಆಗಲೇ ಚಪ್ಪಾಳೆ ತಟ್ಟುತ್ತಿದ್ದ. ಪರದೆಯ ಮೇಲಿನ ತಾಯಿ ಹಿಂದೆ ಸರಿದಿದ್ದಳು. ಈಗ ಅವಳ ಪೂರ್ತಿ ಮುಖ, ಅಲುಗುವ ಎರಡು ಭುಜ ಕಾಣಿಸುತ್ತಿದ್ದವು.

ಸ್ವಲ್ಪ ಹೊತ್ತಿಗೆ ಆ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಅದರ ಕೆಳಗೆ ಒಂದು ಜೊತೆ ಸವೆದ ಚಪ್ಪಲಿ, ಅವಸರದಲ್ಲಿ ಬಿಟ್ಟದ್ದು. ಒಂದು ನೆಟ್ಟಗೆ, ಇನ್ನೊಂದು ಬೋರಲು.