ಗಾಜಿಪುರದ ಓಣಿ ಹಿಡಿದ ವ್ರತ

ಆ ದಿನ ಬೆಳಿಗ್ಗೆ ಕಲಬುರಗಿಯ ಮಳೆ ಬರಲೋ ಬೇಡವೋ ಎಂದು ಯೋಚಿಸುತ್ತ ನಿಂತಂತಿತ್ತು. ಮೋಡ ಗಾಜಿಪುರದ ಮಾಳಿಗೆಗಳ ಮೇಲೆ ಇಳಿದಿತ್ತು. ಓಣಿಯ ಬಾಯಿಗೆ ಅಡ್ಡ ಕಟ್ಟಿದ ಬಿದಿರ ಗಳಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಆಶಾ ಕಾರ್ಯಕರ್ತೆ ಜುಬೇದಾ ಛತ್ರಿ ಮಡಚಿ ಗಳ ಎಣಿಸಿದಳು. ನಿನ್ನೆ ಮೂರಿದ್ದವು, ಇವತ್ತು ಎರಡೇ; ಒಂದನ್ನು ಯಾರೋ ಬಿಚ್ಚಿ ನೆಲಕ್ಕೆ ಹಾಕಿದ್ದರು.

ಕೊರೋನಾದ ಮೊದಲ ವರ್ಷ ಅದು. ಪೂಜೆಗೆಂದು ಕಮಲಾಪುರಕ್ಕೆ ಹೋಗಿ ಬಂದ ಓಣಿಯ ವೇದವ್ಯಾಸಾಚಾರ್ಯರು ಜ್ವರ ಹಿಡಿದು ದವಾಖಾನೆ ಸೇರಿದ್ದರು. ಹನ್ನೊಂದು ಮನೆಯ ಓಣಿಗೆ ಹದಿನಾಲ್ಕು ದಿನ ಬಂದೋಬಸ್ತು. ಕೊನೆಯ ಮನೆಯಲ್ಲಿ ಮಂಜುಷಾ ತುಂಬು ಬಸುರಿ. ಆ ಹೊಸ್ತಿಲನ್ನು ರೋಗ ದಾಟಬಾರದು, ಜುಬೇದಾಳಿಗೆ ಅದೊಂದೇ ಚಿಂತೆ.

ಅಷ್ಟರಲ್ಲಿ ಅದೇ ಓಣಿಯ ಮಕ್ಬೂಲ್ ಗಳದ ಕೆಳಗೆ ನುಸುಳಿ ಒಳಗೆ ಬಂದ.

“ಎಲ್ಲಿಂದ ಬರಾಕತ್ತೀರಿ, ಚಾಚಾ?”

“ಶಹಾಬಜಾರಕ್ಕ ಹೋಗಿ ಚಾ ಕುಡದು ಬಂದೆ. ಕೊರೋನಾಕ್ಕ ಒಂದು ಗುಟುಕೂ ಕೊಟ್ಟಿಲ್ಲ, ಹೆದರಬ್ಯಾಡ!”

“ಪೊಲೀಸರಿಗೆ ಹೇಳ್ತೀನಿ ನೋಡ್ರಿ.”

“ಹೇಳವಾ. ಅವರೂ ಅಲ್ಲೇ ಕುಡಿಯಾಕತ್ತಾರ.”

ಓಣಿಯ ಕಿಟಕಿಗಳೆಲ್ಲ ನಕ್ಕವು. ಜುಬೇದಾಳ ಕಣ್ಣು ತುಂಬಿತು.

ಆಚಾರ್ಯರ ಹೆಂಡತಿ ಪಾರ್ವತೀಬಾಯಿ ಕಿಟಕಿಯಿಂದಲೇ ಕರೆದರು. “ನನ್ನ ಹೆಪ್ಪು ಜೀವಂತ ಅದನೋ ಇಲ್ಲೋ?”

ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಅವರ ಮನೆಯಲ್ಲಿ ಮೊಸರು ಮುಟ್ಟುವುದಿಲ್ಲ. ತವರೂರು ಕಮಲಾಪುರದಿಂದ ತಂದು ನಲವತ್ತು ವರ್ಷ ಸಾಕಿದ ಹೆಪ್ಪು ಅಷ್ಟರಲ್ಲಿ ಸಾಯುತ್ತದೆ. ಅದಕ್ಕೇ ಆ ತಿಂಗಳ ಮೊದಲ ದಿನ, ಸರ್ವೆಗೆ ಬಂದ ಜುಬೇದಾಳ ಕೈಗೆ, ಅವಳ ಮನೆಯಲ್ಲಿ ಸಾಕಲೆಂದು ಬಟ್ಟಲು ಕೊಟ್ಟಿದ್ದರು.

“ಚಲೋ ಅದರೀ ಅಮ್ಮಾ. ಆದರ ಈ ಮಂದಿ ನನ್ನ ಮಾತು ಕೇಳವಲ್ರು.”

“ನಮ್ಮ ಅಡಿಗಿಮನಿಯಾಗ ಮೊಸರಿಲ್ಲ. ಯಾವ ಪೊಲೀಸ ಕಾಯ್ಲಿಕತ್ತಾನ? ರೋಜಾದಾಗ ನೀ ಬಚ್ಚಲಕ್ಕ ಹೋಗಿ ನೀರು ಕುಡದ್ರ ಯಾರು ನೋಡ್ತಾರ? ಆದ್ರೂ ಕುಡಿಯೂದಿಲ್ಲ. ಯಾಕ? ನೀನೇ ಹಿಡದದ್ದು ಅದು. ಇವರಿಗೆ ಬ್ಯಾಡ ಬ್ಯಾಡ ಅನಬ್ಯಾಡ. ಅವರ ಬಾಯಿಲೇ ಹೇಳಸು.”

ಮರುದಿನ ಜುಬೇದಾ ಹನ್ನೊಂದು ಮನೆಯವರನ್ನೂ ಅವರವರ ಹೊಸ್ತಿಲಲ್ಲಿ ನಿಲ್ಲಿಸಿದಳು. ಪಾರ್ವತೀಬಾಯಿಯೇ ಶುರು ಮಾಡಿದರು: “ಮಂಜುಷಾನ ಕೂಸಿನ ಸಲುವಾಗಿ, ಗಳ ದಾಟೂದಿಲ್ಲ.” ಒಬ್ಬೊಬ್ಬರೇ ಅಂದರು. ಮಕ್ಬೂಲನೂ ಗೊಣಗುತ್ತ ಅಂದ. ಆದರೆ ಮೂರನೆಯ ಗಳ ನೆಲದ ಮೇಲೇ ಇತ್ತು.

ಎಂಟನೆಯ ದಿನ ದವಾಖಾನೆಯಿಂದ ಫೋನ್ ಬಂತು: ಆಚಾರ್ಯರಿಗೆ ಉಸಿರು ಸಾಲುತ್ತಿಲ್ಲ. ಪಾರ್ವತೀಬಾಯಿ ಸೆರಗು ಹೊದ್ದು ಹೊಸ್ತಿಲವರೆಗೆ ಬಂದರು. ಹೋಗಿದ್ದರೆ ತಡೆಯುವ ಬಾಯಿ ಯಾರಿಗಿತ್ತು? ಅವರು ಗಳದತ್ತ ನೋಡಿದರು, ಕೊನೆಯ ಮನೆಯತ್ತ ನೋಡಿದರು. ಆಮೇಲೆ ಒಳಗೆ ಹೋಗಿ ದೇವರ ಮುಂದೆ ಕೂತರು.

ಸ್ವಲ್ಪ ಹೊತ್ತಿಗೆ ಮಕ್ಬೂಲ್ ಹೊರಬಂದು, ಬಿದ್ದ ಗಳವನ್ನು ಎತ್ತಿ, ಹಗ್ಗ ಬಿಗಿದು ಕಟ್ಟಿದ. “ಇನ್ನ ಇದರಾಗ ಯಾರರ ನುಸುಳಲಿ, ನೋಡೋಣು” ಅಂದ. ಚಾದ ಮಾತು ಮಾತ್ರ ಎತ್ತಲಿಲ್ಲ.

ಹದಿನಾಲ್ಕನೆಯ ದಿನದ ತಪಾಸಣೆಯಲ್ಲಿ ಹನ್ನೊಂದು ಮನೆಯಲ್ಲಿ ಒಬ್ಬರಿಗೂ ರೋಗವಿರಲಿಲ್ಲ. ಗಳ ಬಿಚ್ಚಿದ್ದೇ ತಡ, ಮಾಳಿಗೆಯಿಂದ ಮಾಳಿಗೆಗೆ ಕೂಗು ಹಬ್ಬಿತು. ಮೂರು ದಿನಕ್ಕೆ ಮಂಜುಷಾ ಹೆಣ್ಣುಮಗು ಹೆತ್ತಳು. ಅದೇ ವಾರ ವೇದವ್ಯಾಸಾಚಾರ್ಯರು ಸೊರಗಿದ್ದರೂ ತಮ್ಮ ಕಾಲ ಮೇಲೆಯೇ ನಡೆದು ಬಂದರು. ಮಕ್ಬೂಲ್ ಕಮಲಾಪುರದ ಕೆಂಬಾಳೆಯ ಗೊನೆ ತರಿಸಿ ಮನೆಮನೆಗೆ ಹಂಚಿ, “ಗೆದ್ವಿ ನೋಡವಾ ಜುಬೇದಾ!” ಎಂದು ಕೂಗಿದ. ದೇವರು ದೊಡ್ಡವನು, ಅವತ್ತು ಓಣಿಯೂ ದೊಡ್ಡದಾಗಿತ್ತು.

ಮೊಸರು ಬಿಟ್ಟ ತಿಂಗಳು ಮುಗಿದ ಬೆಳಿಗ್ಗೆ ಜುಬೇದಾ ಬಂದಳು. ಪಾರ್ವತೀಬಾಯಿ ಕಿಟಕಿಯಲ್ಲೇ ಕಾಯುತ್ತಿದ್ದರು. ಅವಳು ಗಟ್ಟಿಯಾಗಿ ಕೂತಿದ್ದ ಹೆಪ್ಪಿನ ಬಟ್ಟಲನ್ನು ಅವರ ಎರಡೂ ಕೈಗಳಲ್ಲಿ ಇಟ್ಟಳು.