ಹನ್ನೊಂದೂವರೆಯ ಸುತ್ತು

ಕಾವಲಿನ ರಿಜಿಸ್ಟರಿನಲ್ಲಿ ಹನ್ನೊಂದೂವರೆಯ ಸಾಲಿನೆದುರು ರತ್ನ ಸಹಿ ಹಾಕಲಿಲ್ಲ. 'ಈ ಸುತ್ತು ನಡೆದಿಲ್ಲ. ಕಾವಲಿನವಳನ್ನು ಅತಿಥಿಗಳಿಗೆ ಚಹಾ ಕೊಡಲು ಕೆಳಗೆ ಕರೆಯಲಾಗಿತ್ತು' ಎಂದು ದುಂಡಗಿನ ಮಲಯಾಳಂ ಅಕ್ಷರಗಳಲ್ಲಿ ಬರೆದು ಪೆನ್ನಿನ ಮುಚ್ಚಳ ಹಾಕಿದಳು.

ತಿರುವನಂತಪುರದ ಪಟ್ಟಂನಲ್ಲಿದ್ದ ಆ ಏಳು ಮಹಡಿಯ ವಾಣಿಜ್ಯ ಕಟ್ಟಡದಲ್ಲಿ ಎರಡು ದಿನಗಳಿಂದ ಅಗ್ನಿಶಾಮಕ ಪಂಪು ರಿಪೇರಿಯಲ್ಲಿತ್ತು. ಬೆಂಕಿ ಹತ್ತಿದರೆ ಚಾವಣಿಯ ಕೊಳವೆಗಳಿಂದ ಒಂದು ಹನಿಯೂ ಉದುರುವಂತಿರಲಿಲ್ಲ. ಪಂಪು ಸರಿಯಾಗುವವರೆಗೆ ಕಚೇರಿಗಳು ತೆರೆದಿರಬೇಕಾದರೆ ಒಬ್ಬರು ಅರ್ಧ ಗಂಟೆಗೊಮ್ಮೆ ಏಳೂ ಮಹಡಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು. ಅವರಿಗೆ ಬೇರಾವ ಕೆಲಸವನ್ನೂ ಹೇಳಕೂಡದು. ಒಂದು ಸುತ್ತು ತಪ್ಪಿದರೂ ಕಟ್ಟಡವನ್ನು ತೆರವು ಮಾಡಬೇಕು. ಸುರಕ್ಷತಾ ಸಲಹೆಗಾರ ಕೃಷ್ಣಾನಂದರು ವಿಧಿಸಿದ ಷರತ್ತು ಇದು. ಮೂರು ಗಂಟೆಗೆ ರಿಜಿಸ್ಟರ್ ನೋಡಲು ಅವರೇ ಬರುವವರಿದ್ದರು.

ಕಟ್ಟಡದ ಮ್ಯಾನೇಜರ್ ಉಪೇಂದ್ರ ಮೈಸೂರಿನವನು. ಆ ಸಾಲನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅವನ ಮುಖ ಕೆಂಪೇರಿತು.

"ಏನ್ರೀ ರತ್ನಮ್ಮ ಇದು? ಎರಡು ನಿಮಿಷ ಚಹಾ ಕೊಟ್ಟಿದ್ದಕ್ಕೆ ಇಷ್ಟುದ್ದ ಪುರಾಣಾನ?"

"ಇಪ್ಪತ್ತೈದು ನಿಮಿಷ ಸಾರ್. ಎರಡನೇ ಸಲ ಬಿಸ್ಕತ್ತು ತರ್ಲಿಕ್ಕೂ ಹೇಳಿದ್ರಿ."

"ಹರಿದು ಹಾಕಿ, ಬೇರೆ ಹಾಳೆಯಲ್ಲಿ ಸಹಿ ಮಾಡ್ಬಿಡಿ. ನಿಮ್ಮನ್ನ ಖಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲೇ ಇದೆ. ಇವತ್ತು ಕಳಿಸ್ಬೇಕು ಅಂತಿದ್ದೆ."

ಆ ಕಾಗದಕ್ಕಾಗಿ ರತ್ನ ನಾಲ್ಕು ವರ್ಷ ಕಾದಿದ್ದಳು. ಐವತ್ತೆರಡರ ವಯಸ್ಸಿನಲ್ಲಿ ಇನ್ನೊಂದು ಕಡೆ ಕೆಲಸ ಕೇಳಿಕೊಂಡು ಹೋಗುವ ಚೈತನ್ಯ ಅವಳಲ್ಲಿರಲಿಲ್ಲ. ಆದರೂ ಕಾಸರಗೋಡಿನ ಅವಳ ಮಾತು ಮೆತ್ತಗಾಗಲಿಲ್ಲ.

"ನಡೆಯದ ಸುತ್ತಿಗೆ ಸಹಿ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ ಸಾರ್. ನೀವು ಕರೆದ ಕೂಡ್ಲೆ ಎದ್ದು ಬಂದದ್ದು ನನ್ನದೂ ತಪ್ಪೇ. ಅದನ್ನು ಮುಚ್ಚಿಡ್ಲಿಕ್ಕೆ ಮತ್ತೊಂದು ಮಾಡುದು ಬೇಡ."

"ಆಯ್ತು, ಆಮೇಲೆ ಮಾತಾಡೋಣ. ಅತಿಥಿಗಳಿಗೆ ಊಟ ಬಂದಿದೆ, ಹೋಗಿ ಬಡಿಸಿ."

ರತ್ನಳ ಕೈ ತೋಳಿನತ್ತ ಹೋಯಿತು. ಕೊಚ್ಚಿಯ ಅಂಬಲಮುಗಳ್‌ನ ತೈಲ ಶುದ್ಧೀಕರಣಾಗಾರದಲ್ಲಿ ಅವಳು ಹನ್ನೆರಡು ವರ್ಷ ಗುತ್ತಿಗೆಯ ಮೇಲೆ ಬೆಂಕಿ ಕಾವಲು ಮಾಡಿದ್ದಳು. ಅವಳ ತಂಡದಲ್ಲಿ ಒಂದು ಪದ್ಧತಿಯಿತ್ತು. ಕಾವಲಿನವರ ತೋಳಿಗೆ ಕೆಂಪು ಪಟ್ಟಿ. ಅವರಿಗೆ ಬೇರೆ ಕೆಲಸ ಹೇಳುವವರು ಮೊದಲು ಆ ಪಟ್ಟಿಯನ್ನು ಬಿಚ್ಚಿಸಿ ತಮ್ಮ ತೋಳಿಗೆ ಕಟ್ಟಿಕೊಳ್ಳಬೇಕು. ಒಮ್ಮೆ ನೀರು ತರಲು ಹೇಳಿದ ಎಂಜಿನಿಯರೊಬ್ಬರು ಪಟ್ಟಿ ಕಂಡೊಡನೆ ತಾವೇ ಎದ್ದು ಹೋಗಿ ನೀರು ಕುಡಿದು ಬಂದಿದ್ದರು.

ಆ ಹಳೆಯ ಪಟ್ಟಿಯೇ ಈಗಲೂ ಅವಳ ತೋಳಿನಲ್ಲಿತ್ತು. ಬಿಚ್ಚಿ ಮುಂದೆ ಹಿಡಿದಳು.

"ಬಡಿಸ್ತೇನೆ. ಹನ್ನೆರಡೂವರೆಯ ಸುತ್ತು ನಿಮ್ಮದು. ಕಟ್ಟಿಕೊಳ್ಳಿ."

"ತಮಾಷೇನಾ?"

"ಬೆಂಕಿಗೆ ತಮಾಷೆ ಗೊತ್ತುಂಟಾ ಸಾರ್?"

ಉಪೇಂದ್ರ ಪಟ್ಟಿಯನ್ನು ಕಸಿದುಕೊಂಡ. "ಏಳು ಮಹಡಿ ತಾನೆ? ಹತ್ತು ನಿಮಿಷದಲ್ಲಿ ಬಂದೆ ನೋಡಿ," ಎಂದು ಲಿಫ್ಟಿನ ಗುಂಡಿ ಒತ್ತಿದ.

"ಮೆಟ್ಟಿಲಲ್ಲಿ ಸಾರ್. ಲಿಫ್ಟಿನೊಳಗೆ ಇದ್ದವರಿಗೆ ಹೊಗೆಯ ವಾಸನೆ ಬರುದಿಲ್ಲ."

ಅವನು ಹಿಂದಿರುಗಿದಾಗ ಒಂದು ಗಂಟೆಗೆ ಐದೇ ನಿಮಿಷವಿತ್ತು. ಅಂಗಿ ಬೆನ್ನಿಗಂಟಿತ್ತು, ಅಂಗೈಗಳು ಧೂಳಾಗಿದ್ದವು. ಪಟ್ಟಿಯನ್ನು ಬಿಚ್ಚಿ ರತ್ನಳಿಗೆ ಕೊಟ್ಟು, ಕುರ್ಚಿಯಲ್ಲಿ ಕುಸಿದು, ಅವಳು ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದ.

"ಐದನೇ ಮಹಡೀಲಿ ಆ ಕೊರಿಯರ್‌ನೋರು ಮೆಟ್ಟಿಲ ಬಾಗಿಲಿಗೇ ಪೆಟ್ಟಿಗೆ ಪೇರಿಸಿದ್ರು. ಬಾಗಿಲು ತೆರೀಲೇ ಇಲ್ಲ! ಬೆಳಗ್ಗೆ ಇತ್ತಾ?"

"ಹನ್ನೊಂದರ ಸುತ್ತಿನಲ್ಲಿ ಇರ್ಲಿಲ್ಲ. ಹನ್ನೆರಡಕ್ಕೆ ಹೋದಾಗ ಎತ್ತಿ ಅಂತ ಹೇಳಿ ಬಂದೆ, ರಿಜಿಸ್ಟರಲ್ಲಿ ಬರೆದೂ ಆಗಿದೆ. ನೀವು ಮೇಲಿನ ಸಾಲು ಮಾತ್ರ ಓದಿದ್ದು."

"ನಾನೇ ನಿಂತು ಎತ್ತಿಸ್ದೆ," ಎಂದು ಗೊಣಗಿ ಅವನು ರಿಜಿಸ್ಟರನ್ನು ಎಳೆದುಕೊಂಡ. ಹನ್ನೆರಡೂವರೆಯ ಸಾಲಿನಲ್ಲಿ ತನ್ನ ಹೆಸರು ಬರೆದ. ಪೆನ್ನು ಹನ್ನೊಂದೂವರೆಯ ಸಾಲಿನತ್ತ ಸರಿಯಿತು. ಬಹಳ ಹೊತ್ತು ಅಲ್ಲಿಯೇ ನಿಂತಿತು. ಕೊನೆಗೆ ಹಿಂದಕ್ಕೆ ಬಂತು.

ಮೂರಕ್ಕೆ ಬಂದ ಕೃಷ್ಣಾನಂದರು ಕನ್ನಡಕ ಸರಿಪಡಿಸಿಕೊಂಡು ರಿಜಿಸ್ಟರ್ ಓದಿ, "ಇವರನ್ನು ಕೆಳಗೆ ಕರೆದವರು ಯಾರು?" ಎಂದರು.



"ನಾನು ಸರ್," ಎಂದ ಉಪೇಂದ್ರ. "ಷರತ್ತು ಗೊತ್ತಿದ್ದೂ ಕರೆದೆ."

"ಹಾಗಾದರೆ ಪಂಪು ತಿರುಗುವವರೆಗೆ ಕಟ್ಟಡ ಖಾಲಿಯಾಗಲಿ."

ಕಚೇರಿಗಳವರು ಗೊಣಗುತ್ತ ಮೆಟ್ಟಿಲಿಳಿದರು. ಐದನೆಯ ಮಹಡಿಯ ಕೊರಿಯರ್ ಕಚೇರಿಯ ಸಂದೀಪ್, "ಬೆಂಕಿ ಎಲ್ಲಿ ಚೇಚಿ?" ಎಂದು, ಅಕ್ಕ ಎಂದು ಕರೆಯುತ್ತಲೇ ರತ್ನಳನ್ನು ಅಣಕಿಸಿದ. "ನಿನ್ನ ಪೆಟ್ಟಿಗೆಯ ಹಿಂದೆ ಕೂತು ಕಾಯ್ತಾ ಉಂಟು, ಇಳಿ," ಎಂದಳು ಅವಳು. ಮೆಟ್ಟಿಲಲ್ಲಿ ಏನೂ ಅಡ್ಡವಿರಲಿಲ್ಲ. ಕಾಲು ಗಂಟೆಯೊಳಗೆ ಎಲ್ಲರೂ ಹೊರಗಿದ್ದರು.

ಉಪೇಂದ್ರ ಮೇಜಿನ ಮೇಲಿನ ಕಾಗದಕ್ಕೆ ಸಹಿ ಮಾಡಿ ಲಕೋಟೆಯಲ್ಲಿಟ್ಟ. "ಮೇಲಿನವರು ಏನಂತಾರೋ ಗೊತ್ತಿಲ್ಲ ರತ್ನಮ್ಮ. ನನ್ನ ಕೆಲಸಾನೇ ಉಳಿಯುತ್ತೋ ಇಲ್ವೋ. ಇದಂತೂ ಇವತ್ತೇ ಹೋಗುತ್ತೆ."

ರತ್ನ ತಲೆಯಾಡಿಸಿ ಗಡಿಯಾರ ನೋಡಿದಳು. ಬೆಳಗಿನಿಂದ ಅವಳು ಊಟ ಮಾಡಿರಲಿಲ್ಲ. ತೋಳಿನ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ನಾಲ್ಕರ ಸುತ್ತು ನಿಮ್ಮದು ಸಾರ್. ನಾನು ಉಂಡು ಬರ್ತೇನೆ. ಜನ ಇಲ್ಲ ಅಂತ ಮಹಡಿ ಬಿಡ್ಬೇಡಿ."

ಉಪೇಂದ್ರ ಈ ಸಲ ಲಿಫ್ಟಿನತ್ತ ನೋಡಲಿಲ್ಲ.