ಪೈಪು ಎಳೆಯುವವಳಿಗೂ ಒಂದು ಅಂಗಿ

ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವವನು ಗಂಡಸು ಎಂದು ಊರೇ ಹೇಳುತ್ತದೆ. ಸ್ಪ್ರೇ ಗನ್ನು ಅವನ ಕೈಯಲ್ಲಿರುತ್ತದೆ, ನಿಜ. ಅವನ ಬೆನ್ನ ಹಿಂದೆ, ಕಲ್ಲುಕಂಬಕ್ಕೆ ಸಿಕ್ಕಿಕೊಳ್ಳದಂತೆ ಉದ್ದನೆಯ ಪೈಪು ಎಳೆಯುತ್ತಾ, ಚಪ್ಪರದಿಂದ ಸುರಿಯುವುದನ್ನೆಲ್ಲ ತಲೆಯ ಮೇಲೆ ಹೊತ್ತು ನಡೆಯುವವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಔಷಧಿ ಹೊಡೆದ ಪ್ರತಿ ಸಂಜೆ ಶಶಿರೇಖಾಳಿಗೆ ವಾಂತಿ. "ಪಿತ್ತ ಕಣಮ್ಮ, ನಿಂಬೆಹಣ್ಣು ಚೀಪು" ಎಂದು ಮಾವ ಮುನಿವೆಂಕಟಪ್ಪ ತೀರ್ಪು ಕೊಟ್ಟು ವರ್ಷಗಳಾಗಿದ್ದವು.

ಅವತ್ತು ದೊಡ್ಡಬಳ್ಳಾಪುರದಿಂದ ತೋಟಗಾರಿಕೆ ಇಲಾಖೆಯ ಯಶಸ್ವಿನಿ ಮೇಡಂ ಬಂದು ಮುನಿವೆಂಕಟಪ್ಪನವರ ತೋಟದಲ್ಲೇ ರೈತರಿಗೆ ತರಬೇತಿ ನಡೆಸಿದರು. ಔಷಧಿ ಮೈಮೇಲೆ ಎಲ್ಲೆಲ್ಲಿ ಬೀಳುತ್ತದೆಂದು ತೋರಿಸಲು, ಔಷಧಿಯ ಬದಲು ಡ್ರಮ್ಮಿನ ನೀರಿಗೆ ನೀಲಿ ಬಣ್ಣ ಕಲಸಿದ್ದರು. ಶಶಿರೇಖಾಳ ಗಂಡ ಅನಿಲ್‌ಕುಮಾರನಿಗೆ ಬಿಳಿ ಕೋಟು, ಮಾಸ್ಕು, ಕನ್ನಡಕ ತೊಡಿಸಿ ಒಂದು ಸಾಲು ಹೊಡೆಸಿದರು. ಎಂದಿನಂತೆ ಪೈಪು ಅವಳ ಕೈಯಲ್ಲಿತ್ತು. ಹೊರಬಂದವನ ಕೋಟೆಲ್ಲ ನೀಲಿ. ಬಿಚ್ಚಿದರೆ ಒಳಗಿನ ಅಂಗಿ ಬೆಳ್ಳಗಿತ್ತು. ಗಂಡಸರು ಚಪ್ಪಾಳೆ ತಟ್ಟಿದರು.

"ನಾನೂ ಹೋಗಿದ್ನಲ್ಲ," ಶಶಿರೇಖಾ ಅಂದಳು. "ನನ್ನೂ ನೋಡಿ."

"ನಿನ್ನ ಮೇಲೇನೈತೆ ನೋಡಕ್ಕೆ?" ಮಾವ ನಕ್ಕರು. ಕಪ್ಪು ನೈಟಿ, ಅದರ ಮೇಲೆ ಗಂಡನ ಹಳೇ ಕಡುನೀಲಿ ಶರಟು. ಕಾಣುವುದಾದರೂ ಏನು?

ಅವಳು ಮಾವನ ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಎಳೆದುಕೊಂಡಳು. ಮನೆಯಲ್ಲಿ ಕೇಳದೆ ಯಾರೂ ಮುಟ್ಟದ ಟವೆಲ್ಲು. ಮುಖ, ಕತ್ತು, ಕೂದಲು ಒರೆಸಿ ಎಲ್ಲರ ಮುಂದೆ ಹರವಿದಳು.

ನೀಲಿ.

"ಪಹಣಿಗೊಂದೇ ಸೆಟ್ಟು ಅಂತ ನಮಗೆ ಕೊಟ್ಟಿರೋದು," ಯಶಸ್ವಿನಿ ಹೇಳಿದರು. "ಆದ್ರೆ ಪೈಪು ಎಳೆಯೋ ಇವರಿಗೂ ಒಂದು ಬೇಕು. ಪೇಟೇಲಿ ಸಿಗುತ್ತೆ, ಇನ್ನೊಂದು ತರಿಸಿ."

"ಅದೆಲ್ಲ ಆಮೇಲೆ. ಮೋಡ ಕವಿದೈತೆ. ಇವತ್ತು ಔಷಧಿ ಬೀಳ್ದಿದ್ರೆ ಗೊನೆಗೆಲ್ಲ ಬೂಜು. ಎತ್ತಮ್ಮ ಪೈಪು," ಎಂದರು ಮಾವ.

ಶಶಿರೇಖಾ ಪೈಪನ್ನು ಸುತ್ತಿ ಅದರ ಮೇಲೇ ಕೂತಳು. "ನಂಗೂ ಆ ಕೋಟಿನಂಥ ಅಂಗಿ ಬರೋಗಂಟ ಏಳಲ್ಲ."

"ಬೆಳೆ ಹಾಳಾಗ್ಲಿ ಅಂತೀಯಾ?"

"ನಾನು ಹಾಳಾಗ್ತಿದ್ದಾಗ ಯಾವ ಮೋಡ ನೋಡಿದ್ರಿ ಮಾವ?"

ಮುನಿವೆಂಕಟಪ್ಪ, ಕೂಲಿಗೆ ಪೈಪು ಎಳೆಯುವ ಮುತ್ಯಾಲಮ್ಮನ ಕಡೆ ತಿರುಗಿದರು. "ನೀನಾದ್ರೂ ಬಾರಮ್ಮ."

"ನಂಗೂ ಪಿತ್ತ, ಗೌಡ್ರೇ," ಎಂದು ಮುತ್ಯಾಲಮ್ಮ ಶಶಿರೇಖಾಳ ಪಕ್ಕ ಕುಕ್ಕರಿಸಿದಳು.

"ಒಂದು ಪೈಪಿಗೆ ನಿಮ್ ಕಾಲು ಹಿಡೀಬೇಕಾ? ಬಿಡ್ರೇ, ನಾನೇ ಎಳೀತೀನಿ!"

"ಎಳೀರಿ," ಎಂದು ಶಶಿರೇಖಾ ಎದ್ದು ಪೈಪಿನ ಸುರುಳಿಯನ್ನು ಅವರ ಕೈಗಿಟ್ಟಳು.

ಔಷಧಿ ಕಲಸುವ ಮೊದಲು ಡ್ರಮ್ಮಿನಲ್ಲಿ ಉಳಿದ ಬಣ್ಣದ ನೀರು ಖಾಲಿಯಾಗಬೇಕಿತ್ತು. ಬಿಳಿ ಪಂಚೆ ಎತ್ತಿಕಟ್ಟಿ ಮಾವ ಮಗನ ಹಿಂದೆ ಚಪ್ಪರದೊಳಗೆ ನುಗ್ಗಿದರು.

ಸಾಲು ಮುಗಿಸಿ ಬಂದಾಗ ನರೆತ ಮೀಸೆಯಿಂದ ನೀಲಿ ತೊಟ್ಟಿಕ್ಕುತ್ತಿತ್ತು. ಪಂಚೆ ನೀಲಿ, ಬೋಳುತಲೆ ನೀಲಿ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ತುಟಿ ಒರೆಸಿ ಬೆರಳು ನೋಡಿಕೊಂಡರು. ಉಗಿದರು. ಉಗುಳೂ ನೀಲಿ.

ಸೊಸೆಯ ಮುಖ ನೋಡದೆ, "ಅನಿಲಾ, ಪೇಟೆಗೆ ಗಾಡಿ ತೆಗಿ. ಒಂದು ಅಂಗಿ ತಗೊಂಬಾ," ಎಂದರು.

"ಎರಡು," ಮುತ್ಯಾಲಮ್ಮನ ಭುಜದ ಮೇಲೆ ಕೈಯಿಟ್ಟು ಶಶಿರೇಖಾ ಅಂದಳು.

ಅನಿಲ್‌ಕುಮಾರ ಅಪ್ಪನನ್ನು ನೋಡಿದ.

"ಕಿವಿ ಕೇಳಲ್ವೇನೋ? ಎರಡಂತೆ, ಹೋಗು!"

ಮುಖ ಒರೆಸಿಕೊಳ್ಳಲು ಮಾವ ಟವೆಲ್ಲಿಗೆ ಕೈಚಾಚಿದರು. ಅವಳು ಕೊಡಲಿಲ್ಲ. ಅದನ್ನು ರಸ್ತೆಗೆ ಕಾಣುವ ಕಲ್ಲುಕಂಬದ ತುದಿಗೆ ಬಿಗಿಯಾಗಿ ಕಟ್ಟುತ್ತಿದ್ದಳು.